ಕೇಶರಬಾಯಿಯ ಕಲ್ಲು

ದಬದಬಿಯ ಮಡುವಿಗೆ ನೀರಿಗೆ ಹೊರಡುವುದೆಂದರೆ ಕೌಸಲ್ಯಾಬಾಯಿಗೆ ಮದುವೆಯ ದಿಬ್ಬಣ ಹೊರಡಿಸಿದಷ್ಟು ರಗಳೆ. ನಸುಕಿಗೇ ಎದ್ದು ಓಣಿಯ ಒಂದೊಂದೇ ಬಾಗಿಲು ಬಡಿಯಬೇಕು. ಯಾರ ಕಾಲಲ್ಲಿ ಚಪ್ಪಲಿಯಿಲ್ಲ, ಯಾರ ಕೊಡದ ತಳ ಸೋರುತ್ತದೆ, ಯಾರಿಗೆ ಮೈ ಬಿಸಿಯಾಗಿದೆ, ಎಲ್ಲ ಅವಳೇ ನೋಡಬೇಕು. "ಏನವ್ವಾ, ಮಾವನ ಮನಿಗಿ ಹೊಂಟೀ ಏನು, ಇಷ್ಟ್ಯಾಕ ಬಳಿ ಹಾಕ್ಕೊಂಡೀ?" ಎಂದು ಒಬ್ಬಳನ್ನು ಬೈದು, ಬೈಸಿಕೊಂಡವಳು ಮೂತಿ ತಿರುವುವಷ್ಟರಲ್ಲಿ ಅವಳ ಸೆರಗನ್ನು ತಾನೇ ಸೊಂಟಕ್ಕೆ ಬಿಗಿದು ಮುಂದಿನ ಬಾಗಿಲಿಗೆ ಹೋಗುತ್ತಿದ್ದಳು. ಅವಳ ಬಾಯಿ ಜೋರು, ಕೈ ಮೆತ್ತಗೆ ಎಂಬುದು ಓಣಿಗೆಲ್ಲ ಗೊತ್ತಿದ್ದ ಮಾತು.

ಅದು ಎಪ್ಪತ್ತೆರಡರ ಬರ ಮುಗಿಯದೆ ಮರುವರ್ಷಕ್ಕೂ ಕಾಲು ಚಾಚಿಕೊಂಡ ಬೇಸಿಗೆ. ಔರಾದ ಸೀಮೆಯಲ್ಲಿ ಮಳೆ ಬಂದು ಮುಖ ತೋರಿಸಿ ಹೋಗಿತ್ತೇ ಹೊರತು ನೆಲ ನೆನೆದಿರಲಿಲ್ಲ. ಎಕಂಬಾದ ಹಾದಿ ಹಿಡಿದು ಗಂಡಸರೆಲ್ಲ ಗುಳೆ ಎದ್ದಿದ್ದರು. ಕೆಲವರು ಹೈದರಾಬಾದಿಗೆ, ಕೆಲವರು ಮುಂಬಯಿಗೆ, ಕೌಸಲ್ಯಾಬಾಯಿಯ ಒಬ್ಬನೇ ಮಗ ಗೋರಖನಾಥ ಬೀದರಿನ ಗಂಜ್ ಪೇಟೆಗೆ, ಮೂಟೆ ಹೊರಲು. ಓಣಿಯಲ್ಲಿ ಉಳಿದವರು ಹೆಂಗಸರು, ಮಕ್ಕಳು ಮತ್ತು ನಡೆಯಲಾರದವರು. ಊರ ನಡುವಿನ ದೊಡ್ಡ ಬಾವಿಯ ತಳದಲ್ಲಿ ಇನ್ನೂ ಒಂದಿಷ್ಟು ನೀರಿತ್ತು. ಆದರೆ ಆ ಬಾವಿಗೆ ಈ ಓಣಿಯ ಹಗ್ಗ ಎಂದೂ ಇಳಿದದ್ದಿಲ್ಲ. ಓಣಿಯವರು ಬುದ್ಧನ ದಾರಿ ಹಿಡಿದು ಹಳೆಯ ದೇವರನ್ನೆಲ್ಲ ಹಳ್ಳಕ್ಕೆ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಬಾವಿ ಮಾತ್ರ ತನ್ನ ಹಳೆಯ ಬುದ್ಧಿ ಬಿಟ್ಟಿರಲಿಲ್ಲ.

ಉಳಿದದ್ದು ದಬದಬಿಯ ಮಡುವೊಂದೇ. ಕೆಂಪು ಕಲ್ಲಿನ ಬಯಲು ದಾಟಿ, ಕುರುಚಲು ಅಡವಿ ಹೊಕ್ಕು ಹರದಾರಿ ನಡೆದರೆ ನೆಲ ಒಮ್ಮೆಲೇ ಕಡಿದು ಬೀಳುತ್ತದೆ. ಮಳೆಗಾಲದಲ್ಲಿ ಅಲ್ಲಿ ಹಳ್ಳ ದಬದಬನೆ ಧುಮುಕುತ್ತಿದ್ದುದರಿಂದ ಆ ಹೆಸರು. ಈಗ ಬಂಡೆಯ ಮೈ ಬೆವರಿದಂತೆ ನೀರು ಜಿನುಗುತ್ತಿತ್ತು, ಅಷ್ಟೇ. ಕೆಳಗೆ ಬಂಡೆಗಳ ಮರೆಯಲ್ಲಿ, ಗೊತ್ತಿಲ್ಲದವರ ಕಣ್ಣಿಗೆ ಬೀಳದಂಥ ಮಡು. ಅದು ಯಾವ ಬರಕ್ಕೂ ಬತ್ತಿದ್ದಿಲ್ಲ. ಆದರೆ ನೀರು ಹಿಂದೆ ಹಿಂದೆ ಸರಿದಂತೆ ದಂಡೆಯ ಕಲ್ಲಿನ ಮೇಲೆ ಪಾಚಿ ಬಿಚ್ಚಿಕೊಂಡಿತ್ತು. ಕಾಲಿಟ್ಟರೆ ಜರ್ರೆಂದು ಜಾರುತ್ತಿತ್ತು. ಅಡವಿಯ ಹಂದಿಗೂ ತೋಳಕ್ಕೂ ಬೇರೆ ನೀರಿರಲಿಲ್ಲ, ಅವೂ ಅಲ್ಲಿಗೇ ಬರುತ್ತಿದ್ದವು.

ಅದಕ್ಕೇ ಕೌಸಲ್ಯಾಬಾಯಿಯ ಇಷ್ಟೊಂದು ಬಂದೋಬಸ್ತು. ಒಬ್ಬಳೇ ಯಾರೂ ಹೋಗಕೂಡದು. ಪಕ್ಕದ ಮನೆಯ ಅನುಸೂಯಾಬಾಯಿ ಕುಡಗೋಲು ಕಟ್ಟಿದ ಬಡಿಗೆ ಹಿಡಿದು ಮುಂದೆ. ಬಿಸಿಲೇರುವ ಮೊದಲೇ ಹೋಗಿ ಬರಬೇಕು. ಅಡವಿ ದಾಟುವ ತನಕ ಎಲ್ಲರೂ ಜೋರಾಗಿ ಮಾತಾಡುತ್ತಿರಬೇಕು. ಮಾತು ಮುಗಿದರೆ ಜಗಳವಾದರೂ ಆಡಬೇಕು. ಮಡುವಿನ ದಂಡೆಗೆ ಯಾರೂ ಇಳಿಯಬಾರದು. ಒಂದು ಚಪ್ಪಟೆ ಬಂಡೆಯ ಮೇಲೆ ಕೌಸಲ್ಯಾಬಾಯಿಯೇ ನಿಂತು ಎಲ್ಲರ ಕೊಡ ಮುಳುಗಿಸಿ ತುಂಬಿ ಕೊಡುವಳು. ತುಂಬಿಸಿಕೊಂಡವರು ಹಿಂದೆ ನೋಡದೆ ಮೇಲೆ ಹತ್ತಬೇಕು. ಎಲ್ಲರಿಗಿಂತ ಕೊನೆಗೆ ಹತ್ತುವವಳು ಅವಳೇ.

ಇಷ್ಟೆಲ್ಲ ಮಾಡುವವಳು ಒಂದನ್ನು ಮಾತ್ರ ಮಾಡುತ್ತಿರಲಿಲ್ಲ. ಹೆಂಗಸರ ತಲೆ ಎಣಿಸುತ್ತಿರಲಿಲ್ಲ. ಉಸಿರಾಡುವ ಮಂದಿಯನ್ನು ಎಣಿಸಿದರೆ ಒಂದು ಕಡಿಮೆಯಾಗುತ್ತದೆ ಎಂದು ಅವಳವ್ವ ಹೇಳಿದ್ದಳು. ಹಳೆಯ ದೇವರು ಹೋದರೂ ಅವ್ವನ ಮಾತು ಹೋಗಲಿಲ್ಲ ನೋಡಿ. ಅದರ ಬದಲಿಗೆ ಅವಳು ಕಲ್ಲಿನ ಪದ್ಧತಿ ಇಟ್ಟಳು. ಇಳಿಜಾರಿನ ತುದಿಯಲ್ಲಿ ಒಂದು ಬೇವಿನ ಗಿಡ. ಇಳಿಯುವವಳು ಪ್ರತಿಯೊಬ್ಬಳೂ ಅದರ ಬುಡದಲ್ಲಿ ಒಂದು ಕಲ್ಲಿಟ್ಟು ಇಳಿಯಬೇಕು. ಹತ್ತಿ ಬಂದವಳು ಒಂದು ಕಲ್ಲೆತ್ತಿ ಎಸೆಯಬೇಕು. ಬುಡದಲ್ಲಿ ಕಲ್ಲು ಉಳಿದಿದೆ ಎಂದರೆ ಯಾರೋ ಕೆಳಗಿದ್ದಾರೆ ಎಂದರ್ಥ. ಆ ಬುಡ ಖಾಲಿಯಾಗದೆ ಕೌಸಲ್ಯಾಬಾಯಿ ಅಲ್ಲಿಂದ ಕದಲುತ್ತಿರಲಿಲ್ಲ.

"ಅತ್ತೀ, ನಮ್ಮ ಭಾಲ್ಕಿ ಸಾಲ್ಯಾಗ ಮಾಸ್ತರ್ ದಿನಾ ಹಾಜರಿ ತೊಗೊಂತಿದ್ರು. ದಿನಾ ಎಣಿಸ್ತಿದ್ರು. ಒಬ್ಬರೂ ಕಡಿಮಿ ಆಗಿಲ್ರಿ," ಎಂದು ಸೊಸೆ ಕೇಶರಬಾಯಿ ಒಮ್ಮೆ ನಗುತ್ತ ಹೇಳಿದ್ದಳು.

"ನಿಮ್ಮ ಸಾಲಿ ಹುಡುಗೋರಿಗಿ ಯಮನೂ ಅಂಜತಿದ್ನೇನೋ. ನೀ ಕಲ್ಲಿಡು ಸುಮ್ಕ," ಎಂದಿದ್ದಳು ಕೌಸಲ್ಯಾಬಾಯಿ.

ಕೇಶರಬಾಯಿ ಭಾಲ್ಕಿ ಸೀಮೆಯ ಸಾಯಗಾಂವದ ಕಾಶೀರಾಮನ ಮಗಳು. ಮದುವೆಯಾಗಿ ಬಂದು ಎರಡು ವರ್ಷ. ಈಗ ಏಳು ತಿಂಗಳ ಬಸುರಿ. ಗೋರಖನಾಥ ಬೀದರಿಗೆ ಹೊರಟ ದಿನ ಗಂಟು ಹೆಗಲಿಗೇರಿಸಿಕೊಂಡು ಹೊಸ್ತಿಲಲ್ಲಿ ನಿಂತೇ ಇದ್ದ. ಹೋಗಲಾರ, ನಿಲ್ಲಲಾರ. ಕೊನೆಗೆ, "ಅವ್ವಾ, ಇಕೀನ ನಿನ್ನ ಕೈಯಾಗ ಇಟ್ಟು ಹೊಂಟೀನಿ," ಎಂದ. "ನಾ ಕಣ್ಣಾಗ ಇಟ್ಕೊಂತೇನಿ. ಇಬ್ಬರನೂ ನಿನ್ನ ಕೈಯಾಗ ಕೊಡ್ತೇನಿ, ನಡಿ ನೀನು," ಎಂದು ಅವಳು ಅವನನ್ನು ದೂಡಿದ್ದಳು. ಗೋರಖನಾಥನ ಹಿಂದೆ ಮುಂದೆ ಹುಟ್ಟಿದ ಮಕ್ಕಳಲ್ಲಿ ಅವಳಿಗೆ ಒಂದೂ ದಕ್ಕಿರಲಿಲ್ಲ. ಆ ಮನೆಯಲ್ಲಿ ತೊಟ್ಟಿಲು ಕಟ್ಟಿ ಒಂದು ತಲೆಮಾರೇ ಆಗಿತ್ತು. ಈ ಕೂಸೊಂದು ದಕ್ಕಿದರೆ ಸಾಕು, ತನ್ನ ಜೀವಕ್ಕೆ ಬೇರೇನೂ ಬೇಡ ಎಂದುಕೊಂಡಿದ್ದಳು.

ಏಳನೆಯ ತಿಂಗಳಲ್ಲಿ ತವರಿನವರು ಬಂದು, ಹಸಿರು ರವಿಕೆ ತೊಡಿಸಿ ಕುಬಸ ಮಾಡಿ ಕರೆದುಕೊಂಡು ಹೋಗಬೇಕು. ಕಾಶೀರಾಮನೂ ಬರುವವನೇ. ಆದರೆ ಸಾಯಗಾಂವದಲ್ಲೂ ಬರವೇ. "ಅಮಾಸಿ ಕಳದ ಮ್ಯಾಲ ಬರ್ತೇನ್ರಿ ಬೀಗತಿ, ಅಲ್ಲೀತನ ಸಂಭಾಳಸ್ರಿ," ಎಂದು ಹೇಳಿ ಕಳಿಸಿದ್ದ. ಅಮಾವಾಸ್ಯೆ ಹತ್ತಿರದಲ್ಲೇ ಇತ್ತು. ಅಲ್ಲಿಯವರೆಗೆ ಸೊಸೆಯನ್ನು ಮನೆಯಲ್ಲೇ ಕೂರಿಸುವುದು ಕೌಸಲ್ಯಾಬಾಯಿಯ ಇರಾದೆ. ಕೇಶರಬಾಯಿ ಒಪ್ಪಲಿಲ್ಲ. ಖಾಲಿ ಓಣಿಯಲ್ಲಿ ಒಬ್ಬಳೇ ಕೂತರೆ ಹೆದರಿಕೆ ಎಂದಳು. ಎರಡು ಜೀವಕ್ಕೆ ಬೇಕಾದ ನೀರು ನಿಮ್ಮೊಬ್ಬರ ತಲೆ ಮೇಲೆ ಹೊರಿಸಲೇನು ಎಂದಳು. ಕೊನೆಗೆ ಒಂದು ಸಣ್ಣ ಬಿಂದಿಗೆ ಹಿಡಿದು ಹೊರಟೇಬಿಟ್ಟಳು. ನೀರಿನ ಮುಂದೆ ಯಾರ ಹಟ ನಡೆಯುತ್ತದೆ? ಕೌಸಲ್ಯಾಬಾಯಿಯೂ ಹೂಂ ಎಂದಳು.

ತುಂಬಿದ ಕೊಡ ತಲೆಯ ಮೇಲಿರುವಾಗ ಬಗ್ಗಿ ಕಲ್ಲೆತ್ತಲು ಬರುವುದಿಲ್ಲ. ಓಣಿಯ ಹೆಂಗಸರು ಅದಕ್ಕೊಂದು ಉಪಾಯ ಬಲ್ಲರು. ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಬೆರಳುಗಳಲ್ಲಿ ಕಲ್ಲು ಹಿಡಿದು, ಮೊಣಕಾಲು ಮಡಚಿ ಹಿಂದಿನಿಂದ ಕೈಗೆ ಕೊಟ್ಟುಕೊಳ್ಳುವುದು. ಹನಿ ನೀರು ತುಳುಕುವುದಿಲ್ಲ. ಬಸುರಿ ಕೇಶರಬಾಯಿಗೆ ಅದು ಆಗದ ಮಾತು. ಒಂದು ದಿನ ಪ್ರಯತ್ನಿಸಿ ಓಲಾಡಿದ್ದನ್ನು ನೋಡಿ ಕೌಸಲ್ಯಾಬಾಯಿ ಓಡಿ ಬಂದು ರಟ್ಟೆ ಹಿಡಿದಳು. "ಸರ್ಕಸ್ ಮಾಡಬ್ಯಾಡ ನನ್ನವ್ವಾ! ನಿನ್ನ ಕಲ್ಲು ನಾ ಎತ್ತೇನಿ," ಎಂದು ಗದರಿದಳು. ಅಂದಿನಿಂದ ಅದೇ ರೂಢಿಯಾಯಿತು. ಕೇಶರಬಾಯಿ ಮೇಲೆ ಬಂದು ಬೇವಿನ ನೆರಳಲ್ಲಿ ನಿಂತು ಕಾಯುವಳು. ಕೊನೆಗೆ ಬರುವ ಅತ್ತೆ ತನ್ನದೊಂದು, ಅವಳದೊಂದು ಕಲ್ಲೆತ್ತಿ ಎಸೆಯುವಳು. ಆಮೇಲೆ ಇಬ್ಬರೂ ಕೂಡಿ ನಡೆಯುವರು. ಓಣಿಯವರು ನೋಡಿ, "ಅತ್ತಿ ಅಂದ್ರ ಇಂಥಾಕಿ ಸಿಗಬೇಕು," ಎನ್ನುವರು. ಕೌಸಲ್ಯಾಬಾಯಿಗೆ ಒಳಗೊಳಗೇ ಹಿಗ್ಗು.

ಆ ದಿನ ಎಲ್ಲ ತಡವಾಯಿತು. ರಾತ್ರಿ ಹಂದಿಗಳು ಬಂದು ಮಡುವಿನ ದಂಡೆಯನ್ನು ಕೆದರಿ ನೀರು ಬಗ್ಗಡ ಮಾಡಿದ್ದವು. ಅದು ತಿಳಿಯಾಗುವ ತನಕ ಕೂತು ಕಾದರು. ಕೊಡ ತುಂಬುವ ಹೊತ್ತಿಗೆ ಬಿಸಿಲು ಬಂಡೆಗಳ ಮೇಲೆ ಬಂದಿತ್ತು. ಕೌಸಲ್ಯಾಬಾಯಿ ಮೊದಲು ಸೊಸೆಯ ಬಿಂದಿಗೆ ತುಂಬಿ, "ಹತ್ತು, ಸಾವಕಾಶ ಹತ್ತು," ಎಂದು ಕಳಿಸಿದಳು. ಅವಳ ಹಿಂದೆ ಒಬ್ಬೊಬ್ಬರೇ ಹತ್ತಿದರು. ಕೌಸಲ್ಯಾಬಾಯಿ ಬಗ್ಗಿದ ಸೊಂಟ ಎತ್ತದೆ ಕೊಡ ಮುಳುಗಿಸುತ್ತಲೇ ಇದ್ದಳು.

ಅರ್ಧ ಏರಿದ ಮೇಲೆ ಕೇಶರಬಾಯಿಗೆ ಕಣ್ಣು ಕತ್ತಲೆ ಬಂತು. ಹಾದಿ ಬಿಟ್ಟು ಒಂದು ಬಂಡೆಯ ಹಿಂದೆ ಸರಿದು ಕೂತಳು. ಹೊಟ್ಟೆ ತೊಳಸಿ ವಾಂತಿಯಾಯಿತು. ಬಿಂದಿಗೆ ಉರುಳಿ ನೀರೆಲ್ಲ ಚೆಲ್ಲಿಹೋಯಿತು. ಬಂಡೆಯ ಆಚೆಯಿಂದ ಹೆಂಗಸರು ಮಾತಾಡುತ್ತ ಹತ್ತಿ ಹೋದರು. ಖಾಲಿ ಬಿಂದಿಗೆ ಹಿಡಿದು ಮನೆಗೆ ಹೋಗಲು ಅವಳಿಗೆ ಮನಸ್ಸು ಬರಲಿಲ್ಲ. ಅತ್ತೆಗೆ ಹೇಳಿದರೆ ಅತ್ತೆ ತನ್ನ ಕೊಡದ್ದೇ ಸುರಿದುಕೊಡುತ್ತಾಳೆ. ಅದಕ್ಕೆ ಅತ್ತೆ ಮಡು ಬಿಟ್ಟು ಹೊರಡುವುದನ್ನು ನೋಡಿ, ಬಂಡೆಯ ಮಗ್ಗುಲಿನಿಂದಲೇ, ಅಡ್ಡಹಾದಿಯಲ್ಲಿ, ಮೆಲ್ಲಗೆ ಕೆಳಗಿಳಿದಳು. ಆ ಹೊತ್ತಿಗೆ ಕೌಸಲ್ಯಾಬಾಯಿ ತನ್ನ ಕೊಡ ಹೊತ್ತು ಈ ಕಡೆಯ ಹಾದಿಯಲ್ಲಿ ಏರುತ್ತಿದ್ದಳು. ಅತ್ತೆ ಮೇಲೆ, ಸೊಸೆ ಕೆಳಗೆ. ನಡುವೆ ಒಂದು ಬಂಡೆ.

ಕೌಸಲ್ಯಾಬಾಯಿ ಮೇಲೆ ಬಂದಾಗ ಬೇವಿನ ನೆರಳಲ್ಲಿ ಯಾರೂ ಇರಲಿಲ್ಲ. ಬುಡದಲ್ಲಿ ಎರಡು ಕಲ್ಲುಗಳು ಉಳಿದಿದ್ದವು. ಒಂದು ಅವಳದು. ಇನ್ನೊಂದು ಕೇಶರಬಾಯಿಯದು, ದಿನದ ಹಾಗೆ. ಹೆಂಗಸರ ಸಾಲು ಆಗಲೇ ಮುಂದೆ ಪೊದೆಗಳ ನಡುವೆ ಹೋಗಿತ್ತು. ಬಿಸಿಲು ತಾಳದೆ ಕೇಶರಾ ಅವರ ಕೂಡ ನಡೆದಿದ್ದಾಳೆ, ಒಳ್ಳೆಯದೇ ಆಯಿತು ಎಂದುಕೊಂಡಳು. ಕಾಲಿನ ಬೆರಳಲ್ಲಿ ತನ್ನ ಕಲ್ಲೆತ್ತಿ ಎಸೆದಳು. ಆಮೇಲೆ ಸೊಸೆಯ ಕಲ್ಲನ್ನೂ ಎತ್ತಿ ಎಸೆದಳು. ಬುಡ ಖಾಲಿಯಾಯಿತು. ಸಮಾಧಾನದಿಂದ ನಡೆದಳು.

ಓಣಿ ಸೇರಿ, ಅಂಗಳದಲ್ಲಿ ಕೊಡ ಇಳಿಸಿ, "ಕೇಶರಾ, ಒಂದಿಷ್ಟು ಮಜ್ಜಿಗಿ ಅದ, ಕುಡಿ," ಎಂದು ಕೂಗಿದಳು. ಒಳಗಿನಿಂದ ಉತ್ತರ ಬರಲಿಲ್ಲ. ಅನುಸೂಯಾಬಾಯಿಯ ಬಾಗಿಲಿಗೆ ಹೋಗಿ ಕೇಳಿದಳು.

"ಇಲ್ಲಿಲ್ಲ ಅಕ್ಕಾ. ನಿಮ್ಮ ಸಂಗಟ ಹಿಂದ ಬರ್ತಾಳ ಅಂತ ನಾವು ನಡದೇವಿ," ಎಂದಳು ಅನುಸೂಯಾಬಾಯಿ.

ಕೌಸಲ್ಯಾಬಾಯಿ ಚಪ್ಪಲಿಯನ್ನೂ ಮೆಟ್ಟದೆ ಬಂದ ಹಾದಿಗೇ ಓಡಿದಳು. ಒಬ್ಬಳೇ ಹೋಗಕೂಡದೆಂದು ಊರಿಗೆಲ್ಲ ಹೇಳಿದವಳು ಒಬ್ಬಳೇ ಓಡುತ್ತಿದ್ದಳು. ಹಿಂದಿನಿಂದ ಅನುಸೂಯಾಬಾಯಿ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಬಂದಳು. ಕೆಂಪು ಕಲ್ಲಿನ ಬಯಲು ಹಂಚಿನ ಹಾಗೆ ಕಾದಿತ್ತು. ಕೌಸಲ್ಯಾಬಾಯಿಗೆ ಅದು ಗೊತ್ತೇ ಆಗಲಿಲ್ಲ.

ಕೇಶರಬಾಯಿ ಮಡುವಿನ ದಂಡೆಯಲ್ಲಿ ಬಂಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಬಿಂದಿಗೆ ನೀರಿನಲ್ಲಿ ತೇಲುತ್ತಿತ್ತು. ಪಾಚಿಯ ಮೇಲೆ ಕಾಲು ಜಾರಿ ಹೊಟ್ಟೆ ಅಡಿಯಾಗಿ ಬಿದ್ದಿದ್ದಳು. ಒಂದು ಕಾಲು ತಿರುಚಿಕೊಂಡಿತ್ತು. ಸೀರೆ ತೋಯ್ದಿತ್ತು. ತೋಯ್ದದ್ದು ನೀರಿನಿಂದಷ್ಟೇ ಅಲ್ಲ ಎಂಬುದು ದೂರದಿಂದಲೇ ಕಂಡಿತು. ಆದರೆ ಮುಖದಲ್ಲಿ ಗಾಬರಿಯಿರಲಿಲ್ಲ. ಅತ್ತೆಯನ್ನು ಕಂಡು ಸಣ್ಣಗೆ ನಕ್ಕಳು.

"ಬಂದ್ರಿ? ಗೊತ್ತಿತ್ತು ನನಗ," ಎಂದಳು.

"ಯಾಕ ಚೀರಲಿಲ್ಲೇ ನನ್ನವ್ವಾ? ಒಂದು ಕೂಗು ಹಾಕಿದ್ರ ಆಗ್ತಿತ್ತಲ್ಲ! ನಾ ಮ್ಯಾಲೇ ಇದ್ದೆ, ಗಿಡದ ಹಂತೇಕೇ ಇದ್ದೆ!" ಕೌಸಲ್ಯಾಬಾಯಿ ಅವಳ ತಲೆಯನ್ನು ಎದೆಗೆ ಅವಚಿಕೊಂಡು ಗೋಳಾಡಿದಳು.

"ಚೀರಬೇಕಂದೆ. ಚೀರಿದ್ರ ಎಲ್ಲಾರೂ ತುಂಬಿದ ಕೊಡ ಹೊತ್ತು ಗಾಬರ್ಯಾಗಿ ಇಳೀತಾರ, ಮತ್ತೊಬ್ಬಾಕಿ ಜಾರತಾಳ ಅನಸ್ತು. ನನ್ನ ಕಲ್ಲು ಮ್ಯಾಲೇ ಅದ ಅಲ್ರಿ? ಅತ್ತಿ ಅದನ್ನ ನೋಡದೆ ಹೋಗಂಗಿಲ್ಲ ಅಂತ ಸುಮ್ಕ ಕುಂತೆ." ಉಸಿರು ಎಳೆದುಕೊಂಡು, ತಾನೇ ಒಂದು ಕಾರಣವನ್ನೂ ಹುಡುಕಿಕೊಟ್ಟಳು. "ಕೊಡ ಮನ್ಯಾಗ ಇಳಿಸಿ ಬರಾಕ ತಡಾ ಆಯ್ತೇನ್ರಿ?"

ಕೌಸಲ್ಯಾಬಾಯಿ ಅವಳ ಮುಖ ನೋಡಿದಳು.

"ಹೂಂ," ಎಂದಳು.

ಒಂದೇ ಅಕ್ಷರ. ಜೀವಮಾನದಲ್ಲಿ ಯಾರಿಗೂ ಅಂಜದ ಬಾಯಿಂದ ಅಂದು ಅಷ್ಟೇ ಬಂತು.

ಸೀರೆಯ ಜೋಳಿಗೆ ಕಟ್ಟಿ ಐದು ಹೆಂಗಸರು ಅವಳನ್ನು ಮೇಲೆ ತಂದರು. ಓಣಿಗೆ ಬರುವಷ್ಟರಲ್ಲಿ ಯಾರೋ ಸೂಲಗಿತ್ತಿ ಮರಿಯಮಬೀಯನ್ನು ಕರೆತಂದಿದ್ದರು. ಸೀಮೆಯ ಅರ್ಧ ಮಕ್ಕಳನ್ನು ತನ್ನ ಕೈಯಲ್ಲಿ ಹಿಡಿದವಳು ಮರಿಯಮಬೀ. ಹೊಟ್ಟೆಯ ಮೇಲೆ ಕೈಯಿಟ್ಟು, ಕಿವಿಯಿಟ್ಟು ಕೇಳಿ, "ಇದು ನನ್ನ ಕೈಯಾಗಿಲ್ಲ. ಬೀದರಕ್ಕ ಒಯ್ಯಿರಿ, ಜಲ್ದಿ," ಎಂದಳು. ಊರಲ್ಲಿ ಉಳಿದಿದ್ದ ಎತ್ತುಗಳೆಂದರೆ ಗುಲಾಮ ರಸೂಲನ ಒಂದು ಜೋಡಿ. ಅವನು ಕೇಳುವ ಮೊದಲೇ ಬಂಡಿ ಕಟ್ಟಿದ. ಔರಾದಿನ ತನಕ ಬಂಡಿ, ಅಲ್ಲಿಂದ ಬಸ್ಸು. ಮರಿಯಮಬೀಯೂ ಜೊತೆಗೆ ಬಂದಳು. ಬೀದರಿನ ದೊಡ್ಡ ದವಾಖಾನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು.

ಹುಟ್ಟಿದ್ದು ಗಂಡು. ಅದು ಅಳಲಿಲ್ಲ.

ವರಾಂಡದಲ್ಲಿ ಮರಿಯಮಬೀ ಕಣ್ಣೊರೆಸಿಕೊಂಡು ಕೌಸಲ್ಯಾಬಾಯಿಯ ಪಕ್ಕ ಕೂತಳು. "ತಾಯಿ ಉಳದಾಳ, ಅಲ್ಲಾನ ಮೆಹರ್ಬಾನಿ. ರಗತ ಬಾಳ ಹೋಗಿತ್ತು. ಬಿದ್ದ ಕೂಡಲೆ ಎತ್ಕೊಂಡು ಬಂದಿದ್ರ ಕೂಸೂ ದಕ್ಕತಿತ್ತು. ಏನ್ ಮಾಡೋದು ಕೌಸಲ್ಯಾ, ಅದರ ನಸೀಬು," ಎಂದಳು. ಸಮಾಧಾನಕ್ಕೆಂದೇ ಆಡಿದ ಮಾತು. ಕೌಸಲ್ಯಾಬಾಯಿ ಗೋಡೆಗೆ ತಲೆಯಾನಿಸಿ ಕೂತುಬಿಟ್ಟಳು. ನಸೀಬಲ್ಲ, ನನ್ನ ಕಾಲಿನ ಬೆರಳು ಎಂದು ಕೂಗಬೇಕೆನಿಸಿತು. ಕೂಗಲಿಲ್ಲ.

ಗಂಜಿನಿಂದ ಓಡಿ ಬಂದ ಗೋರಖನಾಥನ ಮೈಮೇಲೆ ಮೂಟೆಯ ಧೂಳು ಹಾಗೇ ಇತ್ತು. ಕೂಸನ್ನು ಮಣ್ಣಿಗೆ ಕೊಟ್ಟು ಬಂದವನು ಅವ್ವನ ಕಾಲಿಗೆ ಹಣೆ ಹಚ್ಚಿದ. "ಕೇಶರಾ ಎಲ್ಲಾ ಹೇಳಿದಳು ಅವ್ವಾ. ನೀ ಬಿಸಿಲಾಗ ತಿರುಗಿ ಓಡಿ ಬರದಿದ್ರ ಇಕಿನೂ ಇರ್ತಿರಲಿಲ್ಲ. ತಪ್ಪು ನಂದು. ಇಂಥ ಹೊತ್ತಿನಾಗ ಬಿಟ್ಟು ಬರಬಾರದಿತ್ತು ನಾ," ಎಂದು ಬಿಕ್ಕಿದ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಮಗ ಸುಮ್ಮಸುಮ್ಮನೆ ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದ ತಪ್ಪನ್ನು ಇಳಿಸಿಕೊಳ್ಳಲು ಅವಳಿಗೆ ಅಂದು ಧೈರ್ಯ ಸಾಲಲಿಲ್ಲ. ತಾಯಿಯಾದರೇನು, ಹೆದರಿಕೆ ಯಾರನ್ನು ಬಿಟ್ಟಿದೆ?

ಮನೆಗೆ ಬಂದ ಮೇಲೆ ಇನ್ನೂ ಕಷ್ಟವಾಯಿತು. ಮಾತಾಡಿಸಲು ಬಂದವರಿಗೆಲ್ಲ ಕೇಶರಬಾಯಿ ಮಲಗಿದಲ್ಲಿಂದಲೇ ಅದೇ ಕತೆ ಹೇಳುವಳು. ಕೂಸಿನ ಮಾತು ಬಂದಾಗ ಅವಳ ದನಿ ಒಡೆಯುತ್ತಿತ್ತು. ಆಗ ಅವಳು ಕಲ್ಲಿನ ಮಾತನ್ನೇ ಊರುಗೋಲಿನಂತೆ ಹಿಡಿದುಕೊಳ್ಳುತ್ತಿದ್ದಳು. "ನಾ ಏನೂ ತಪ್ಪು ಮಾಡಲಿಲ್ರಿ. ಸುಮ್ಕ ಕುಂತೆ, ಒದ್ದಾಡಲಿಲ್ಲ, ಚೀರಲಿಲ್ಲ. ಕಲ್ಲು ಇತ್ತು, ಅತ್ತಿ ನೋಡಿದ್ರು, ಬಂದ್ರು. ಕೂಸಿನ ಋಣ ಅಷ್ಟೇ ಇತ್ತು," ಎನ್ನುವಳು. ಬಂದವರು ಕೌಸಲ್ಯಾಬಾಯಿಯನ್ನು ಹೊಗಳುವರು. ಹೊಗಳಿಕೆಯ ಒಂದೊಂದು ಮಾತಿಗೂ ಅವಳಿಗೆ ಎದ್ದು ಹೋಗಿ ಬಾವಿ ಬೀಳಬೇಕೆನಿಸುತ್ತಿತ್ತು. ಬೀಳೋಣವೆಂದರೆ ಅವಳಿಗೊಂದು ಬಾವಿಯೂ ಇರಲಿಲ್ಲ.

ನೀರಿಗೆ ಹೋಗುವುದೇನು ನಿಲ್ಲುವುದೇ? ಅವಳು ಸೊಸೆಯ ಹಾಸಿಗೆ ಬಿಟ್ಟೇಳದ ಕಾರಣ ಈಗ ಅನುಸೂಯಾಬಾಯಿ ಮುಂದಾಳು. ಒಂದು ಮುಂಜಾನೆ ಅವಳು ಬಾಗಿಲಲ್ಲಿ ನಿಂತು, "ಅಕ್ಕಾ, ನೀವು ಫಿಕರ್ ಮಾಡಬ್ಯಾಡ್ರಿ. ನಿಮ್ಮ ಕಲ್ಲಿನ ಕಾನೂನು ಬಿಟ್ಟಿಲ್ಲ. ಹುಡುಗೇರಿಗಿ ಹೇಳೀನಿ, ಜಾರಿ ಬಿದ್ರ ಕೇಶರಾನಂಗ ಸುಮ್ಕ ಕೂಡ್ರಿ, ಕಲ್ಲು ಅದ, ಯಾರರೆ ಬಂದೇ ಬರ್ತಾರ ಅಂತ," ಎಂದಳು.

ಕೌಸಲ್ಯಾಬಾಯಿ ಧಡಕ್ಕನೆ ಎದ್ದು ಬಾಗಿಲಿಗೆ ಬಂದಳು. "ಬ್ಯಾಡ!" ಎಂದು ಚೀರಿದಳು. "ಸುಮ್ಕ ಕೂಡಬ್ಯಾಡ ಅನ್ನು! ಬಿದ್ರ ಚೀರ್ರಿ ಅನ್ನು, ಅಡವಿ ಹರಿಯೋ ಹಂಗ ಚೀರ್ರಿ ಅನ್ನು!" ಅನುಸೂಯಾಬಾಯಿ ಕಕ್ಕಾಬಿಕ್ಕಿಯಾಗಿ ನೋಡಿ ಹೋದಳು. ಒಳಗಿನಿಂದ ಕೇಶರಬಾಯಿ, "ಯಾಕ್ರಿ ಅತ್ತೀ, ಏನಾಯ್ತು?" ಎಂದಳು.

ಅಮಾವಾಸ್ಯೆ ಕಳೆದ ಮೇಲೆ, ಹೇಳಿದ ಮಾತಿನಂತೆ ಕಾಶೀರಾಮ ಬಂದ. ಸುದ್ದಿ ಅವನಿಗೆ ಭಾಲ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಗುರುತಿನವರೊಬ್ಬರಿಂದ ಗೊತ್ತಾಗಿತ್ತಂತೆ. ಕೈಯಲ್ಲಿ ಬಟ್ಟೆಯ ಗಂಟಿತ್ತು. 'ಮನಿಯಿಂದ ಹೊಂಟಾಗ ಗೊತ್ತಿರಲಿಲ್ಲ,' ಎನ್ನುವಂತೆ ಅದನ್ನು ಬಗಲಲ್ಲಿ ಮುಚ್ಚಿಕೊಂಡು ಕೂತ. ಹಸಿರು ಕುಬಸದ ಒಂದು ಅಂಚು ಹೊರಗೆ ಇಣುಕುತ್ತಿತ್ತು. ಬೀದರಿನಿಂದ ಗೋರಖನಾಥನೂ ಬಂದಿದ್ದ. ಒಂದು ತಿಂಗಳು ತವರಲ್ಲಿ ಆರೈಕೆ ಮಾಡಿಕೊಂಡು ಬರಲಿ ಎಂದು ಗಂಡಸರಿಬ್ಬರೂ ಮಾತಾಡಿಕೊಂಡರು. ಕೇಶರಬಾಯಿ ಅಪ್ಪನ ಮುಂದೆ ಮತ್ತೆ ಅದೇ ಕತೆ ಹೇಳಿದಳು. ಕಾಶೀರಾಮ ಎದ್ದು ಕೌಸಲ್ಯಾಬಾಯಿಗೆ ಕೈ ಮುಗಿದ.

"ಬೀಗತಿ, ನನ್ನ ಮಗಳ ಜೀವ ನೀವು ಕೊಟ್ಟದ್ದು. ಹಡದ ತಾಯಿನೂ ಇಷ್ಟು ಮಾಡ್ತಿರಲಿಲ್ಲ," ಎಂದ.

ಅವಳಿಗೆ ಸಾಕಾಯಿತು. ಇನ್ನು ತಡೆಯಲಾರೆ ಎನಿಸಿತು. ಸೊಸೆಯ ಹಾಸಿಗೆಯ ಹತ್ತಿರ ಕೂತಳು.

"ಕೇಶರಾ, ಅವತ್ತ ನೀ ಕೇಳಿದಿ, ಕೊಡ ಇಳಿಸಿ ಬರಾಕ ತಡಾ ಆಯ್ತೇನು ಅಂತ. ನಾ ಹೂಂ ಅಂದೆ. ಅದು ಸುಳ್ಳು," ಎಂದಳು. "ಕಲ್ಲು ಇರಲಿಲ್ಲ ಮಗಳ. ನೀ ಮುಂದ ನಡದೀ ಅಂತ ತಿಳಕೊಂಡು ನಿನ್ನ ಕಲ್ಲು ನಾನೇ ಎತ್ತಿ ಒಗದೆ. ಬುಡ ಖಾಲಿ ಮಾಡಿ ನಡದೆ. ನೀ ಕೆಳಗಿದ್ದಿ ಅಂತ ನನಗ ಮನಿ ಮುಟ್ಟಿದ ಮ್ಯಾಲೇ ತಿಳದದ್ದು."

ಗೋರಖನಾಥ ಅವ್ವನ ಮುಖವನ್ನೇ ನೋಡುತ್ತ ನಿಂತ. ಕೇಶರಬಾಯಿ ಮೆಲ್ಲಗೆ ಕೈಯೂರಿ ಎದ್ದು ಕೂತಳು. ಸಿಟ್ಟಿರಲಿಲ್ಲ. ಏನೋ ಲೆಕ್ಕ ತಪ್ಪಿದವಳಂತೆ ಹುಬ್ಬು ಗಂಟಿಕ್ಕಿದಳು.

"ಹಂಗಾದ್ರ ನಾ ಯಾಕ ಸುಮ್ಕ ಕುಂತಿದ್ದೆ?" ಎಂದಳು.

ಅತ್ತೆಯನ್ನು ಕೇಳಿದ್ದಲ್ಲ ಅದು. ಕೈ ತನ್ನಷ್ಟಕ್ಕೆ ಹೊಟ್ಟೆಯ ಮೇಲೆ ಹೋಯಿತು. "ನೀವು ಮ್ಯಾಲೇ ಇದ್ರಿ. ನಿಮ್ಮ ಬಳಿ ಸಪ್ಪಳ ಕೇಳಸ್ತಿತ್ತು ನನಗ. ಒಂದು ಕೂಗು ಹಾಕಿದ್ರ..." ಎಂದವಳು ಮುಂದೆ ಹೇಳಲಾಗದೆ ಬಾಯಿಗೆ ಸೆರಗು ತುಂಬಿಕೊಂಡಳು. ಇಷ್ಟು ದಿನ ಅವಳನ್ನು ಎತ್ತಿ ಹಿಡಿದಿದ್ದ ಒಂದೇ ಒಂದು ಆಸರೆಯನ್ನು ಕೌಸಲ್ಯಾಬಾಯಿ ಖರೇ ಹೇಳಿ ಕಿತ್ತುಕೊಂಡಿದ್ದಳು. ಸುಳ್ಳಿನಿಂದ ಆಗಿದ್ದ ಗಾಯಕ್ಕಿಂತ ಖರೇ ಮಾತಿನ ಗಾಯ ದೊಡ್ಡದಾಯಿತು. ಅವಳು ಸೊಸೆಯ ಕಾಲು ಹಿಡಿಯಲು ಹೋದಳು. ಕೇಶರಬಾಯಿ ಕಾಲು ಹಿಂದಕ್ಕೆಳೆದುಕೊಂಡಳು.

ಬಿಸಿಲು ಇಳಿದ ಮೇಲೆ ಗುಲಾಮ ರಸೂಲ ಬಂಡಿ ತಂದು ಅಂಗಳದಲ್ಲಿ ನಿಲ್ಲಿಸಿದ. ಕೌಸಲ್ಯಾಬಾಯಿ ಬಂಡಿಯಲ್ಲಿ ಕೌದಿ ಹಾಸಿದಳು. ತಲೆದಿಂಬಿಟ್ಟಳು. ಕಾಲಿನ ನೋವಿಗೆ ಹಚ್ಚುವ ಎಣ್ಣೆಯ ಸೀಸೆಯನ್ನು ಕಾಶೀರಾಮನ ಕೈಗೆ ಕೊಟ್ಟು, ಕುಲುಕಾಡುವ ಹಾದಿಯಲ್ಲಿ ಸಾವಕಾಶ ಹೊಡೆಯಬೇಕೆಂದು ಗುಲಾಮ ರಸೂಲನಿಗೆ ಎರಡೆರಡು ಸಲ ಹೇಳಿದಳು. ಗೋರಖನಾಥ ಹೆಂಡತಿಯನ್ನು ಎತ್ತಿ ಕೂರಿಸಿ ತಾನೂ ಹತ್ತಿದ. ಅವ್ವನನ್ನು ಮಾತಾಡಿಸಲಿಲ್ಲ.

ಕೌಸಲ್ಯಾಬಾಯಿ ಬಂಡಿಯ ಗೂಟ ಹಿಡಿದು ನಿಂತಳು. ಕೇಶರಬಾಯಿ ತಲೆಯ ಮೇಲೆ ಸೆರಗು ಹೊದ್ದು, ಅತ್ತೆಯ ಕಡೆ ತಿರುಗಿದಳು.

"ಹೋಗ್ತೇನ್ರಿ ಅತ್ತೀ," ಎಂದಳು.

ನಮ್ಮ ಕಡೆ ನೀರಿಗೆ ಹೊರಟವರೂ ಹಾಗನ್ನುವುದಿಲ್ಲ.

"ಬರ್ತೇನಿ ಅನ್ನು ಮಗಳ," ಎಂದಳು ಕೌಸಲ್ಯಾಬಾಯಿ. "ಸುಳ್ಳಾದರೂ ಅನ್ನು."

ಕೇಶರಬಾಯಿ ಮುಖ ಆಚೆ ತಿರುಗಿಸಿದಳು. ಗುಲಾಮ ರಸೂಲ ಒಂದಿಷ್ಟು ಹೊತ್ತು ಕಾದು ನೋಡಿ, ಎತ್ತಿನ ಬಾಲ ತಿರುವಿದ.